ಎಮ್ಮೆ ಆರಿಸಿದ ಜಾಗ

ಮೇಲೂರು, ಶಿಡ್ಲಘಟ್ಟ ತಾಲ್ಲೂಕು
೧೪-೧೧-೫೯

ಪ್ರೀತಿಯ ಪಂಕಜಕ್ಕನಿಗೆ,

ಈ ಕಾರ್ಡಿನಲ್ಲಿ ಸಾಷ್ಟಾಂಗಕ್ಕೆ ಜಾಗವಿಲ್ಲ, ನಿಂತೇ ನಮಸ್ಕಾರ.

ಸಸ್ಯಶಾಸ್ತ್ರದ ಹೊಸ ಡೆಮಾನ್‌ಸ್ಟ್ರೇಟರಾದ ನಿನ್ನ ತಮ್ಮ ಇಲ್ಲಿ ಕಾಲೇಜು ಹುಡುಗರೊಂದಿಗೆ ಕೆರೆಯಂಗಳದ ಹುಲ್ಲು ಎಣಿಸುತ್ತಿದ್ದಾನೆ. ಬಿದಿರಿನ ಚೌಕಟ್ಟನ್ನು ಎಸೆದು, ಅದು ಬಿದ್ದಲ್ಲಿ ಒಳಗಿರುವ ಗಿಡಗಳನ್ನೆಲ್ಲ ಎಣಿಸಬೇಕು. ನಾನು ಬಲು ಶ್ರದ್ಧೆಯಿಂದ ಬೋಳು ನೆಲದತ್ತಲೇ ಎಸೆಯುತ್ತಿದ್ದೆ. ಪ್ರೊಫೆಸರು ಅದನ್ನು ಕಂಡುಹಿಡಿದು, "ಕಣ್ಮುಚ್ಚಿ ಹಿಂದಕ್ಕೆ ಎಸೀರಿ. ಇಲ್ದಿದ್ರೆ ಕೆಲಸ ಬಿಟ್ಟು ಮನೆಗೆ ಹೋಗಿ" ಎಂದರು.

ಎಸೆದೆ. ಕಣ್ಣು ಬಿಟ್ಟರೆ ಚೌಕಟ್ಟು ಓಬಳಮ್ಮನೆಂಬಾಕೆಯ ಎಮ್ಮೆಯ ಕೊಂಬಿನಲ್ಲಿ ತೂಗಾಡುತ್ತಿತ್ತು! ಬಿಡಿಸಲು ಹೋದರೆ ಆಯಮ್ಮ, "ಮುಟ್ಬೇಡಪ್ಪೋ, ಬೆದರಿದ್ರೆ ಸಾಯಂಕಾಲ ಹಾಲು ಬಿಡಲ್ಲ. ನಿನ್ ಕಿಟ್ಕೀನ ಅದೇನೂ ತಿನ್ನಲ್ಲ ಬಿಡು" ಎಂದಳು. ಎಮ್ಮೆ ಮುಂದೆ, ನಾನು ಹಿಂದೆ, ನನ್ನ ಹಿಂದೆ ಕಿಸಕ್ಕೆನ್ನುವ ಶಿಷ್ಯವೃಂದ. ಮೆರವಣಿಗೆ ಕೆರೆಯನ್ನೆಲ್ಲ ಸುತ್ತಿತು. ಕೊನೆಗೆ ಎಮ್ಮೆ ತಲೆ ಕೊಡವಿ, ಎಲ್ಲಕ್ಕಿಂತ ದಟ್ಟ ಹುಲ್ಲಿನಲ್ಲೇ ಚೌಕಟ್ಟನ್ನು ಕೆಡವಿತು.

"ಬಿದ್ದಲ್ಲೇ ಎಣಿಸ್ಬೇಕಲ್ವಾ ಸಾರ್?" ಎಂದ ಒಬ್ಬ ಕಿಡಿಗೇಡಿ. ಹೊತ್ತು ಮುಳುಗುವವರೆಗೂ ಎಣಿಸಿದೆ.

ಪ್ರೊಫೆಸರಿಗೆ ಪರಮಾನಂದ. "ಪಕ್ಷಪಾತವಿಲ್ಲದ ಆಯ್ಕೆ ಅಂದ್ರೆ ಇದು ಕಣ್ರೀ!" ನಾಳೆಯೂ ಅದೇ ಎಮ್ಮೆಯನ್ನು ಕರೆತರಲು ಅಪ್ಪಣೆಯಾಗಿದೆ.

ಆರೋಗ್ಯ ಚೆನ್ನಾಗಿದೆ, ಸೊಂಟ ಮಾತ್ರ ಹಿಡಿದುಕೊಂಡಿದೆ, ನೀಲಗಿರಿ ಎಣ್ಣೆ ಕಳಿಸು. ಟಪಾಲಿನ ಬಸ್ಸು ಹೊರಡುತ್ತಿದೆ. ನನ್ನ ಕೆಲಸ ಉಳಿಯಿತೆಂದು ಅಮ್ಮನಿಗೆ ಹೇಳು. ಯಾರ ದಯೆಯಿಂದ ಎಂದು ಮಾತ್ರ ಹೇಳಬೇಡ.

ನಿನ್ನ ತಮ್ಮ,
ಸತ್ಯಮೂರ್ತಿ