ಸಬ್ಸಿಡಿ ಸಾಹೇಬರಿಗೆ

ಶಿಕಾರಿಪುರ, ೧೮-೧೦-೧೯೫೮, ಶನಿವಾರ

ಅವ್ವನ ವಿಷಯ ಹೀಗೆ ಬರೆದಿಡಬಾರದು, ಕ್ಷಮೆಯಿರಲಿ. ಸರ್ಕಾರದ ಸಬ್ಸಿಡಿ ನಿಂತು, ಅವಳು ನೂಲುವ ಅಂಬರ ಚರಕದ ಕೇಂದ್ರ ಮುಚ್ಚುತ್ತಿದೆ.

"ಆ ಸಬ್ಸಿಡಿ ಸಾಹೇಬ್ರು ಯಾವೂರಾಗೆ ಇರ್ತಾರೋ? ಇಂಗ್ಲಿಷ್‌ನಾಗೆ ಒಂದು ಅರ್ಜಿ ಬರ್ಕೊಡು" ಅಂದಳು.

ನೂಲುವವಳ ಕೂಲಿಗಿಂತ ಅವಳ ನೂಲಿಗೆ ಸರ್ಕಾರ ಸುರಿಯುವ ದುಡ್ಡೇ ಜಾಸ್ತಿ, ಮನೆಯಲ್ಲಿ ಕೂರಿಸಿ ಕೂಲಿ ಕೊಟ್ಟರೂ ಉಳಿತಾಯವೇ ಎಂದು ಶಿವಮೊಗ್ಗದಲ್ಲಿ ನಮ್ಮ ಎಕನಾಮಿಕ್ಸ್ ಲೆಕ್ಚರರ್ ಹೇಳಿದ್ದರು. ಕರೆಕ್ಟ್ ಅನ್ನಿಸಿತ್ತು.

"ಸುಮ್ನೆ ಕೂರಿಸಿ ಕೂಲಿ ಕೊಟ್ರೆ ಅವ್ವಾ?"

"ಯಾರು ಕೊಡ್ತಾರೋ? ನಿಮ್ಮಪ್ಪ ಸ್ವರ್ಗದಿಂದ ಕಳಿಸ್ತಾನೇನು?"

ಅಂಥ ಸಾಹೇಬರೇ ಇಲ್ಲವೆನ್ನಲು ಬಾಯಿ ಬರಲಿಲ್ಲ. ಬರೆದುಕೊಟ್ಟೆ. ಹೆಬ್ಬೆಟ್ಟು ಒತ್ತಿದಳು. ವಿಳಾಸದ ಜಾಗ ಖಾಲಿಯಿದೆ. ಕೊನೆಯ ಸಾಲು ಅವಳು ಹೇಳಿದ್ದೇ: ಬೇಗ ಉತ್ತರ ಕೊಡ್ರಿ ಸ್ವಾಮಿ, ಸೋಮವಾರ ಚರಕ ಒಯ್ತಾರೆ.