ಚಾವಿ ಕಾಯುತ್ತಿದ್ದವನ ಹೆಸರು ಶಂಕಿತರ ಪಟ್ಟಿಯಲ್ಲಿ

ಮಾನ್ಯ ಠಾಣಾಧಿಕಾರಿಗಳೇ,

ನಮ್ಮ ಕೇರಿಯ ರಾಘುವಿನ ಹೆಸರು ನಿಮ್ಮ ಠಾಣೆಯ ಶಂಕಿತರ ಪಟ್ಟಿಯಲ್ಲಿದೆ. ಸೇರಿಸಿದವರು ನೀವು, ಬರೆದುಕೊಟ್ಟವನು ನಾನು. ಕಾವಲಿಗೆ ಇರುವವನು ಎಂದು ನಾನು ಬರೆದದ್ದನ್ನು ಕಳ್ಳ ಎಂದು ನೀವು ಓದಿದಿರಿ. ಏಳು ತಿಂಗಳಿಂದ ನಿಮ್ಮ ಬಾಗಿಲಿಗೆ ಅಲೆದು ಸಾಕಾಗಿ, ಈ ಪತ್ರವನ್ನು ನಾಲ್ಕು ಜನ ಓದುವಲ್ಲಿ ಹಾಕುತ್ತಿದ್ದೇನೆ. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ, ತಿದ್ದುವ ಪದ್ಧತಿ ನಿಮ್ಮ ಇಲಾಖೆಯಲ್ಲಿ ಇದ್ದರೆ.

ಕಳೆದ ವರ್ಷ ನಿಮ್ಮವರು ಶಾಲೆಯ ಜಗಲಿಯಲ್ಲಿ ಸಭೆ ಕರೆದು ಅಪರಾಧ ತಡೆ ಸಮಿತಿ ಮಾಡಬೇಕೆಂದರು. ಸಂಯೋಜಕರು ಯಾರಾಗುತ್ತೀರಿ ಎಂದು ಕೇಳಿದಾಗ ಎಲ್ಲರೂ ನೆಲ ನೋಡಿದರು. ಯಾರೂ ಒತ್ತಾಯ ಮಾಡಲಿಲ್ಲ, ನಾನೇ ಕೈ ಎತ್ತಿದೆ. ಮನೆಯವಳು ಲಕ್ಷ್ಮೀ ಸಭೆಯಲ್ಲೇ ಹೇಳಿದಳು: “ಬೆಕ್ಕಿನ ಸಂಗ್ತಿಗೂ ಜಗಳ ಮಾಡುವವ್ರು ನೀವು. ಊರು ಸುಧಾರ್ಸೂಕೆ ಹೊಂಟ್ರಾ?” ಅವಳ ಮಾತು ಕೇಳಬೇಕಿತ್ತು. ನೀವು ಹಸಿರು ಜಾಕೀಟು ಕೊಟ್ಟಿರಿ, ಸೀಟಿ ಕೊಟ್ಟಿರಿ, ವಾಟ್ಸ್ಯಾಪ್ ಗುಂಪು ಮಾಡಿದಿರಿ. ಆ ಗುಂಪಿನಲ್ಲಿ ದಿನಾ ಬೆಳಗಾದರೆ ಗುಲಾಬಿ ಹೂವು, ಶುಭೋದಯ. ಕಳ್ಳನ ಸುದ್ದಿ ಮಾತ್ರ ಇಲ್ಲ.

ಆಮೇಲೆ ಬಂತು ಫಾರ್ಮು. ಕಳವಿನ ಸಾಧ್ಯತೆ ಇರುವ ವೇಳೆ ಯಾವುದು ಎಂದು ಮೊದಲ ಪ್ರಶ್ನೆ. ನಾವು ಅಘನಾಶಿನಿ ದಂಡೆಯವರು, ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬದುಕುವವರು. ಹೊಳೆಯ ನೀರು ಇಳಿದರೆ ಕೇರಿಗೆ ಕೇರಿಯೇ ಬುಟ್ಟಿ ಹಿಡಿದು ಹೊಳೆಗಿಳಿಯುತ್ತದೆ. ಮೂರು ತಾಸು ಹದಿನೆಂಟು ಮನೆ ಖಾಲಿ. ಸಮುದ್ರದ ಇಳಿತದ ಜೊತೆ ಬರುವ ಆ ಹೊತ್ತು ದಿನಾ ಬದಲಾಗುತ್ತದೆ. ಇದನ್ನು ಹೇಳಿದರೆ, ಬಯಲುಸೀಮೆಯಿಂದ ಬಂದ ನಿಮ್ಮ ಬೀಟಿನ ಪೊಲೀಸರು ತಲೆ ಕೆರೆದುಕೊಂಡರು.

“ಅಜ್ಜಾರ, ಒಂದ ಟೈಮ್ ಹೇಳ್ರಿ. ಬರಿಯಾಕ ಒಂದ ಡಬ್ಬಿ ಐತಿ.”

“ಹೊಳೆ ನಿಮ್ಮ ಸಾಹೇಬ್ರ ಕೇಳಿ ಇಳಿತದ್ಯೇನೋ ಮಾರಾಯಾ? ಇವತ್ತು ಹತ್ತಕ್ಕಾದ್ರೆ ನಾಳೆ ಹನ್ನೊಂದರ ಹತ್ರ.”

“ಹಂಗಾರ ಹನ್ನೊಂದ ಬರೀತೀನ್ರಿ. ನನ್ನ ಬೀಟೂ ಆವಾಗೇ ಐತಿ.”

ಪಾಪ, ಅವರ ತಪ್ಪಲ್ಲ. ದಿನಾ ಹನ್ನೊಂದಕ್ಕೆ ಸರಿಯಾಗಿ ಬಂದು ಪುಸ್ತಕಕ್ಕೆ ಸಹಿ ಮಾಡಿದರು. ನಾವೆಲ್ಲ ಮನೆಯಲ್ಲೇ ಇದ್ದ ದಿನ ಚಾ ಕುಡಿದು ಹೋದರು. ಹೊಳೆ ಯಾವಾಗ ಇಳಿಯುತ್ತದೆ ಎಂದು ಕಳ್ಳನಿಗೆ ತಿಳಿಯಿತು, ಠಾಣೆಗೆ ತಿಳಿಯಲಿಲ್ಲ.

ಎರಡನೇ ಪ್ರಶ್ನೆ: ಆ ವೇಳೆಯಲ್ಲಿ ಸ್ಥಳದಲ್ಲಿ ಇರುವ ವ್ಯಕ್ತಿಗಳು. ಇದ್ದವನು ಒಬ್ಬನೇ, ರಾಘು. ಬೋಟಿನ ಹಗ್ಗಕ್ಕೆ ಸಿಕ್ಕಿ ಅವನ ಕಾಲು ಮುರಿದು ಆರು ವರ್ಷವಾಯಿತು. ಹೊಳೆಗೆ ಹೋಗುವವಳು ಹೆಂಡತಿ ವಿನುತಾ. ಅವನು ಜಗಲಿಯಲ್ಲಿ ಕೂತು ಬಲೆ ಹೊಲಿಯುತ್ತಾನೆ. ಹೆಂಗಸರು ಹೊಳೆಗೆ ಹೋಗುವಾಗ ಮನೆಯ ಚಾವಿಯನ್ನು ಅವನ ಕೈಗೆ ಕೊಡುತ್ತಿದ್ದರು. ಅವನು ಗೋಡೆಯ ಮೊಳೆಗೆ ಸಿಕ್ಕಿಸಿಕೊಂಡು, ಯಾರದು ಯಾವುದೆಂದು ನೋಡದೆಯೇ ತೆಗೆದು ಕೊಡುತ್ತಿದ್ದ. ನಮ್ಮ ಕೇರಿಗೂ ಒಬ್ಬ ಕಾಯುವವನಿದ್ದಾನೆ ಎಂಬ ಹೆಮ್ಮೆಯಿಂದ ನಾನು ಅವನ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದೆ.

ಏಪ್ರಿಲ್‌ನಲ್ಲಿ ನನ್ನ ಮನೆಯ ಹಿಂಬಾಗಿಲು ಮುರಿದು ತಾಮ್ರದ ಹಂಡೆ ಕದ್ದರು. ಹೌದು, ಸಂಯೋಜಕನ ಮನೆಯದೇ. ನಗುವವರು ನಗಲಿ. ನಿಮ್ಮವರು ಬಂದರು, ಫಾರ್ಮು ತೆಗೆದರು, ಸ್ಥಳದಲ್ಲಿದ್ದವನು ಒಬ್ಬನೇ ಎಂದು ಓದಿದರು, ಜೀಪನ್ನು ನೇರ ರಾಘುವಿನ ಮನೆ ಮುಂದೆ ನಿಲ್ಲಿಸಿದರು. ನಾಲ್ಕು ಸಲ ಅವನನ್ನು ಠಾಣೆಗೆ ಕರೆಸಿದಿರಿ. ಎರಡು ಕೋಲು ಊರಿ ನಡೆಯುವವನು ಹಂಡೆಯನ್ನು ಯಾವ ಕೈಯಲ್ಲಿ ಹೊತ್ತ ಎಂದು ನಿಮ್ಮಲ್ಲಿ ಒಬ್ಬರಿಗೂ ಕೇಳಬೇಕೆನಿಸಲಿಲ್ಲವೇ?

ಮರುತಿಂಗಳು ನಿಮ್ಮವರೇ ಕಳ್ಳನನ್ನು ಹಿಡಿದರು. ಯಾರೋ ಬೇರೆ ತಾಲೂಕಿನವನು, ಗುಜರಿಗೆ ಹಾಕಲು ಹೋಗಿ ಸಿಕ್ಕಿಬಿದ್ದ. ಹಂಡೆ ಮನೆಗೆ ಬಂತು. ಇನ್ನಾದರೂ ರಾಘುವಿನ ಹೆಸರು ತೆಗೆಯಿರಿ ಎಂದೆ. “ಸೇರಿಸುವುದು ನಮ್ಮ ಕೈಲಿದೆ, ತೆಗೆಯಲು ಮೇಲಿಂದ ಆದೇಶ ಬರಬೇಕು” ಎಂದರು ನಿಮ್ಮವರು. ಎಷ್ಟು ಮೇಲಿಂದ ಸ್ವಾಮಿ? ಆಕಾಶದಿಂದಲೇ? ಚೌತಿಗೆ ಮೊದಲು ಮುನ್ನೆಚ್ಚರಿಕೆ ಎಂದು ಅವನನ್ನು ಐದನೇ ಸಲ ಕರೆಸಿ ಬಾಗಿಲಲ್ಲಿ ಕೂರಿಸಿದಿರಿ.

ಕೇರಿಯವರೂ ಕಡಿಮೆಯಲ್ಲ. ಸುಮ್ಮನೆ ಪೊಲೀಸರು ಅಷ್ಟು ಸಲ ಕರೆಯುತ್ತಾರಾ ಎಂದು ಪಿಸುಗುಡುತ್ತಾರೆ. ಮಳೆಗಾಲ ಮುಗಿದು ಈಗ ಮತ್ತೆ ಹೊಳೆಗಿಳಿಯುತ್ತಿದ್ದಾರೆ. ಚಾವಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಎದೆಮಟ್ಟ ಉಪ್ಪುನೀರಿನಲ್ಲಿ ನಿಲ್ಲುತ್ತಾರೆ. ರಾಘುವಿನ ಮೊಳೆಯಲ್ಲಿ ನೇತಾಡುವುದು ನಮ್ಮ ಮನೆಯ ಚಾವಿ ಒಂದೇ. ಮೊನ್ನೆ ಅದನ್ನು ಕೊಡಲು ಹೋದಾಗ ಅವನು ಬಲೆಯಿಂದ ತಲೆ ಎತ್ತಲಿಲ್ಲ.

“ಜಟ್ಟಣ್ಣ, ನೀ ಒಳ್ಳೇದಕ್ಕೇ ಬರ್ದಿದ್ದೆ ಅಂತ ನಂಗೊತ್ತು. ಆದ್ರೆ ಹೊಳೆಲಿ ವಿನುತಾ ಸಂಗ್ತಿಗೆ ಯಾರೂ ಮಾತಾಡುದಿಲ್ಲ. ಅವ್ಳಿಗೆ ಎಂತ ಹೇಳ್ಲಿ?”

ಚಾವಿಯನ್ನು ನಾನೇ ಮೊಳೆಗೆ ಸಿಕ್ಕಿಸಿದೆ. ಮನೆಗೆ ಬಂದು ಈ ಪತ್ರ ಬರೆಯಲು ಕೂತೆ.

ಸಂಯೋಜಕ ಕೆಲಸ ಇವತ್ತಿಗೆ ಸಾಕು, ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ. ನನ್ನ ಬೇಡಿಕೆ ಒಂದೇ. ರಾಘುವಿನ ಹೆಸರನ್ನು ಹೊಡೆದುಹಾಕಿ, ಅದನ್ನು ಕಾಗದದಲ್ಲಿ ಬರೆದು ಮೊಹರು ಒತ್ತಿ ತನ್ನಿ. ಅಂಚೆಯಲ್ಲಿ ಕಳಿಸಬೇಡಿ. ಜನರೆಲ್ಲ ಮನೆಯಲ್ಲಿರುವ ಹೊತ್ತಿಗೆ ನೀವೇ ಬಂದು, ಮೊದಲು ನಿಂತ ಜಾಗದಲ್ಲೇ ಜೀಪು ನಿಲ್ಲಿಸಿ, ಇಳಿದು, ವಿನುತಾಳ ಎದುರು ಗಟ್ಟಿಯಾಗಿ ಓದಿ ಹೇಳಿ. ನೀವು ಓದುವಾಗ ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ನೀವು ಮುಗಿಸಿದ ಮೇಲೆ ಬರೆದವನು ನಾನೇ ಎಂದು ನಾನೂ ಹೇಳಬೇಕಿದೆ.

ಇಂತಿ,
ಅಕ್ಷರ ಕಲಿತದ್ದು ಕಡಿಮೆ, ಬರೆದದ್ದು ಒಂದು ಹೆಸರು ಹೆಚ್ಚು,
ಜಟ್ಟ ಅಂಬಿಗ