ಮೂಲೆಯಲ್ಲಿ ನಿಂತವಳಿಗೆ

ಗಣಿಯ ತೂಕದ ಕೋಣೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ತಂಗಿಗೆ,

ನಿನ್ನ ಮಣಿಕಟ್ಟಿನ ನೋವು ಹೇಗಿದೆ? ಹೋದ ಪತ್ರದಲ್ಲಿ, ಬಲಗೈ ಎತ್ತಿದರೆ ಭುಜದವರೆಗೂ ಸೆಳೆಯುತ್ತದೆ ಎಂದು ಬರೆದಿದ್ದೆ. ದಿನಾ ಸಂಜೆ ಟಿವಿಯ ಮೂಲೆಯಲ್ಲಿ ನಿಂತು ಲೋಕದ ಸುದ್ದಿಯನ್ನೆಲ್ಲ ಕಿವಿ ಕೇಳದವರಿಗೆ ಕೈಯಲ್ಲಿ ಹೇಳುವವಳು ನೀನು. ಗಂಟಲು ಕೆಟ್ಟರೆ ಹಾಡುವವರಿಗೆ ರಜೆ ಸಿಗುತ್ತದೆ. ನಿನ್ನ ಕೈಗೂ ಯಾರಾದರೂ ರಜೆ ಕೊಡಬೇಕು. ಎಣ್ಣೆ ಕಾಯಿಸಿ ಹಚ್ಚಿಕೊಳ್ಳಬೇಕಂತೆ, ಅಮ್ಮನ ಅಪ್ಪಣೆ. ಯಾವ ಎಣ್ಣೆ ಅಂತ ಬರೆಯಲಿ ಎಂದು ಕೇಳಿದೆ. "ಯಾವುದಾದರೇನು, ಬಿಸಿ ಇರಬೇಕು, ಉಜ್ಜೋಕೆ ಒಬ್ಬರು ಇರಬೇಕು" ಅಂದಳು. ಆ ಎರಡನೆಯ ಮಾತಿನೊಳಗೆ ಒಂದು ಪ್ರಶ್ನೆ ಅಡಗಿದೆ. ಅದು ನಿನಗೆ ಕೇಳಿಸಲಿಲ್ಲ ಎಂದೇ ಅಮ್ಮನಿಗೆ ಹೇಳುತ್ತೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಪತ್ರಗಳಲ್ಲಿ ಎಲ್ಲರೂ ಯಾವಾಗಲೂ ಚೆನ್ನಾಗಿಯೇ ಇರುತ್ತಾರೆ. ಇವತ್ತು ಗಣಿಗೆ ರಜೆ, ಲಾರಿಗಳಿಲ್ಲ. ತೂಕದ ಮುಳ್ಳು ಸೊನ್ನೆಯ ಮೇಲೆ ಅಲುಗಾಡದೆ ನಿಂತಿದೆ. ಬೇರೆಯವರ ಕಲ್ಲು ತೂಗುವುದು ನನ್ನ ಕೆಲಸ. ಭಾನುವಾರ ಮಾತ್ರ ಏನನ್ನೂ ತೂಗದೆ ಇಲ್ಲಿ ಬಂದು ಕೂರುತ್ತೇನೆ. ಮನೆಯಲ್ಲಿ ಬರೆಯಲು ಕೂತರೆ ಅಮ್ಮ ಹಿಂದೆ ನಿಂತು ಪ್ರತಿ ಸಾಲಿಗೂ ಒಂದು ಸಾಲು ಸೇರಿಸುತ್ತಾಳೆ.

ಸುದ್ದಿ ಏನೆಂದರೆ, ನೀನು ನಮ್ಮ ಮನೆಗೆ ಬಂದಿದ್ದೀಯ. ಹೌದು, ಟಿವಿ ಬಂತು. ಗುಡ್ಡದ ಈಚೆ ಫೋನೇ ಸಿಗದು, ಇನ್ನು ಟಿವಿ ಎಲ್ಲಿಂದ ಎಂದು ನೀನೇ ನಗುತ್ತಿದ್ದೆ. ಕೇಬಲ್ಲಿನವನು ಒಮ್ಮೆ ಬಂದಿದ್ದ, ಗುಡ್ಡದ ತಲೆಯ ಮೇಲೆ ಬೈಕು ನಿಲ್ಲಿಸಿ, ಕೆಳಗಿನ ಹೆಂಚುಗಳನ್ನು ನೋಡಿ, "ಇಷ್ಟೇ ಮನೆನಾ?" ಎಂದವನು ಇಳಿಯದೆಯೇ ವಾಪಸಾದ. ಡಿಷ್ ಹಾಕಿಸೋಣವೆಂದರೆ ತಿಂಗಳು ತಿಂಗಳು ಚಂದಾ ಕಟ್ಟುವ ಶಕ್ತಿ ಇಲ್ಲಿ ಯಾರಿಗಿದೆ? ಕಟ್ಟಿದರೂ ನೀನು ನಿಲ್ಲುವ ಆ ಸಣ್ಣ ಕೇಂದ್ರ ಅದರಲ್ಲಿ ಬರುವುದಿಲ್ಲ. ನೂರಾರು ಚಾನೆಲ್‌ಗಳಲ್ಲಿ ಎಲ್ಲರ ಮನೆಯ ಹೆಣ್ಣುಮಕ್ಕಳೂ ಇದ್ದರು, ನಮ್ಮವಳೊಬ್ಬಳನ್ನು ಬಿಟ್ಟು. ಗಣಿಯ ಮ್ಯಾನೇಜರಿನ ಬಳಿ ಈ ಕಷ್ಟ ಹೇಳಿಕೊಂಡಾಗ ಅವನು, "ಸ್ವಲ್ಪ ತಾಳ್ರಿ, ಹೇಗೂ ಗುಡ್ಡ ಕಡೀತಾ ಇದ್ದೀವಲ್ಲ, ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಸಿಗ್ನಲ್ ತಾನಾಗೇ ಬರುತ್ತೆ" ಅಂದ. ಇದನ್ನು ಹಾಸ್ಯವೆಂದು ಅವನು ಅಂದುಕೊಂಡಿರಲಿಲ್ಲ.

ಹಟ ಹಿಡಿದದ್ದು ಅಪ್ಪ. ಹುಟ್ಟಿದಾಗಿನಿಂದ ಒಂದು ಸದ್ದೂ ಕಿವಿಗೆ ಬೀಳದ ಮನುಷ್ಯ, ಉಳಿ ಸುತ್ತಿಗೆಗಳ ನಡುವೆ ಬದುಕು ಕಳೆದ ಬಡಗಿ, ಈಗ ಟಿವಿ ಬೇಕೆಂದು ಚಿಕ್ಕಪ್ಪನನ್ನು ಮನೆ ಮನೆಗೆ ಎಳೆದುಕೊಂಡು ಹೋದ. ಪ್ರತಿ ಬಾಗಿಲಲ್ಲೂ ತನ್ನ ಕಿವಿಯ ತುದಿಯನ್ನು ಹಿಡಿದು ಎಳೆದು ತೋರಿಸುತ್ತಿದ್ದ. ಮಲಗಿದ ಅಪ್ಪನನ್ನು ಕೂಗಿ ಎಬ್ಬಿಸಲಾಗದೆ ಚಿಕ್ಕವಳಿದ್ದಾಗ ನೀನು ಕಿವಿ ಹಿಡಿದು ಎಳೆಯುತ್ತಿದ್ದೆಯಲ್ಲ, ಅಂದಿನಿಂದ ಅವನ ಕೈಯಲ್ಲಿ ನಿನ್ನ ಹೆಸರು ಅದೇ. ಊರಿನ ಅರ್ಧ ಜನಕ್ಕೆ ನಿನ್ನ ನಿಜವಾದ ಹೆಸರು ಮರೆತಿದ್ದರೂ ಕಿವಿ ಎಳೆದರೆ ಯಾರೆಂದು ಗೊತ್ತಾಗುತ್ತದೆ. ಎಲ್ಲರೂ ಕೈಲಾದಷ್ಟು ಕೊಟ್ಟರು. ಮೊದಲು ನಮ್ಮ ಮನೆಗೆ ವೈರು ಎಳೆದು ನೋಡುವುದು, ಸರಿಬಂದರೆ ಉಳಿದ ಮನೆಗಳಿಗೂ ಕವಲು ಕೊಡುವುದು ಎಂದು ತೀರ್ಮಾನವಾಯಿತು.

ಚಿಕ್ಕಪ್ಪನ ಉತ್ಸಾಹ ನಿನಗೆ ಗೊತ್ತೇ ಇದೆ. ಸಭೆ ಸಮಾರಂಭಗಳಿಗೆ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಟ್ಟೂ ಕೊಟ್ಟೂ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. "ಅತ್ತಿಗೇ, ಸಿಗ್ನಲ್ ಗುಡ್ಡದಾಚೆ ಬಂದು ನಿಂತಿದೆ. ಒಳಗೆ ಕರೆಯೋರಿಲ್ಲ, ಅಷ್ಟೇ!" ಎಂದು ಅಂಗಳದಿಂದಲೇ ಕೂಗಿದ. "ನೀನು ಈ ಗಂಟಲಲ್ಲಿ ಕರೆದರೆ ಬಂದಿರೋದೂ ಓಡಿಹೋಗುತ್ತೆ" ಎಂದು ಅಮ್ಮ ಒಳಗಿಂದಲೇ ಅಂದಳು. ಗುಡ್ಡದ ನೆತ್ತಿಯಲ್ಲಿ ಆಂಟೆನಾ ನೆಟ್ಟ. ಹಿಂದೆ ಗಣಿಯ ಕಲ್ಲು ತುಂಬಿದ ತೊಟ್ಟಿಲು ಇಳಿಸುತ್ತಿದ್ದ ಹಗ್ಗದ ಕಂಬಗಳು ಇನ್ನೂ ನಿಂತಿವೆಯಲ್ಲ, ಅವುಗಳ ಮೇಲೆ ವೈರು ಎಳೆದುಕೊಂಡು ಇಳಿದ. ನಡುದಾರಿಯಲ್ಲಿ ಒಂದು ಡಬ್ಬಿ ಕಟ್ಟಿದ್ದಾನೆ. ಅದೇನೆಂದು ಕೇಳಿದರೆ, "ಚಿತ್ರ ಅಷ್ಟು ದೂರದಿಂದ ನಡಕೊಂಡು ಬಂದರೆ ಸುಸ್ತಾಗಲ್ವಾ? ಅದಕ್ಕೆ ನೀರು ಕುಡಿಸೋ ಜಾಗ" ಎಂದ. ಟಿವಿ ಗಣಿಯ ಕ್ಯಾಂಟೀನಿನದು. ಕೆಟ್ಟದ್ದಲ್ಲ, ಸಿಗ್ನಲ್ ಇಲ್ಲದೆ ವರ್ಷಗಟ್ಟಲೆ ಅದರ ಮೇಲೆ ಚಹಾದ ಲೋಟ ಇಡುತ್ತಿದ್ದರು, ಬಳೆಯಂಥ ಗುರುತುಗಳು ಇನ್ನೂ ಇವೆ.

ಅಪ್ಪ ಅದಕ್ಕೊಂದು ಸ್ಟೂಲು ಮಾಡಿದ. ಒಂದು ಕಾಲು ಗಿಡ್ಡ. ಅಮ್ಮ ರಟ್ಟಿನ ಚೂರು ಮಡಚಿ ಕೆಳಗೆ ಕೊಟ್ಟು, "ನೆಲವೇ ಸರಿಯಿಲ್ಲ" ಎಂದಳು. ಅದೇ ನೆಲದ ಮೇಲೆ ಅಪ್ಪ ಹಿಂದೆ ಮಾಡಿದ ಕುರ್ಚಿಗಳು ಸುಮ್ಮನೆ ನಿಂತಿದ್ದವು.

ಮೊದಲ ಸಂಜೆ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಡ್ಡದ ಮೇಲೆ ಚಿಕ್ಕಪ್ಪ ಆಂಟೆನಾ ತಿರುಗಿಸುವುದು, ನಾವು ಅಂಗಳದಲ್ಲಿ ನಿಂತು ಬಟ್ಟೆ ಬೀಸುವುದು. ಬೂದು ಬಣ್ಣದ ಕಾಳು ಕಾಳಿನ ನಡುವಿನಿಂದ ಮೊದಲು ಒಂದು ಟೈ, ಆಮೇಲೆ ಟೈ ಕಟ್ಟಿದ ವಾರ್ತೆಯವನು, ಕೊನೆಗೆ ಮೂಲೆಯಲ್ಲಿ ಹೆಬ್ಬೆರಳುದ್ದದ ನೀನು. ಅಮ್ಮ ಸೆರಗಿನಿಂದ ಗಾಜು ಒರೆಸಿದಳು, ಆ ಕಾಳೆಲ್ಲ ಗಾಜಿನ ಕೊಳೆಯೇನೋ ಎಂಬ ಹಾಗೆ. ಆದರೆ ಸದ್ದಿಲ್ಲ. ಬಾಯಿ ಆಡುತ್ತಿದೆ, ಮಾತಿಲ್ಲ. ಊರಿಗೆಲ್ಲ ಸದ್ದು ಬಾಡಿಗೆ ಕೊಡುವ ಚಿಕ್ಕಪ್ಪನಿಗೆ ಒಂದು ಟಿವಿಗೆ ಸದ್ದು ಹೊಂದಿಸಲಾಗಲಿಲ್ಲ. ಆಗ ಇಸ್ತ್ರಿ ಅಂಗಡಿಯವಳು, "ಹುಡುಗಿ ಕೈಯಲ್ಲಿ ಹೇಳ್ತಾ ಇದ್ದಾಳಲ್ಲ, ನಿಮ್ಮಪ್ಪನ್ನ ಕೇಳಪ್ಪ" ಎಂದಳು. ಸರಿಯಾದ ಮಾತು. ನೀನು ಶಾಲೆಯಲ್ಲಿ ಕಲಿತು ಬಂದ ಕೈಭಾಷೆಯನ್ನು ಕಲಿತವನು ನಮ್ಮಲ್ಲಿ ಅವನೊಬ್ಬನೇ. ನನಗೆ, ಅಮ್ಮನಿಗೆ ಬರುವುದು ಮನೆಯ ಸನ್ನೆ ಮಾತ್ರ. ಅಪ್ಪ ಟಿವಿ ನೋಡಿ ಮನೆಯ ಸನ್ನೆಯಲ್ಲಿ ನನಗೆ ಹೇಳುತ್ತಿದ್ದ, ನಾನು ಬಾಯಲ್ಲಿ ಎಲ್ಲರಿಗೂ ಹೇಳುತ್ತಿದ್ದೆ. ಹೊಳೆಗೆ ಸೇತುವೆ ಆಗುತ್ತದೆ. ಬಟ್ಟೆ ಅಗ್ಗವಾಗುತ್ತದೆ. ನಾಳೆ ಮಳೆ.

ಈ ದೃಶ್ಯವನ್ನು ನೀನು ನೋಡಬೇಕಿತ್ತು. ಇಷ್ಟು ಕಾಲ ಯಾರ ಮಾತೂ ಕೇಳದ, ಯಾರಿಗೂ ಮಾತು ಹೇಳದ ಮನುಷ್ಯನ ಕೈಗಳನ್ನು ಇಡೀ ಕೇರಿ ಬಾಯಿ ತೆರೆದು ನೋಡುತ್ತಿತ್ತು. ಅವನ ಬೆನ್ನು ನೆಟ್ಟಗಾಗಿತ್ತು. ನಾನು ಅವನ ನಾಲಿಗೆಯಾಗಿದ್ದೆ. ನನಗೆ ಸ್ವಂತದ್ದೆಂದು ಹೇಳಲು ಅಷ್ಟೊಂದು ಮಾತು ಎಂದೂ ಇರಲಿಲ್ಲವಾದ್ದರಿಂದ ಆ ಕೆಲಸ ನನಗೂ ಹಿತವಾಗಿತ್ತು.

ಮರುದಿನ ಇಸ್ತ್ರಿಯವಳು ಹೊರಗೆ ಒಂದು ಬಟ್ಟೆಯನ್ನೂ ಹರವಲಿಲ್ಲ. ಗಣಿಯಲ್ಲಿ ಜಲ್ಲಿಪುಡಿಗೆ ಟಾರ್ಪಾಲು ಹೊದಿಸಿದರು. ಬಿಸಿಲೆಂದರೆ ಬಿಸಿಲು, ಕಾಗೆಯೂ ನೆರಳು ಹುಡುಕುವಂಥದ್ದು. ಹವಾಮಾನದವರ ಮಾತು ಯಾವಾಗ ನಿಜವಾಗಿದೆ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು. ಅಪ್ಪ ಮಾತ್ರ ಸಂಜೆ ಸಂಜೆ ಸುದ್ದಿ ಕೊಡುತ್ತಲೇ ಇದ್ದ, ಹೆಚ್ಚಾಗಿ ಒಳ್ಳೆಯ ಸುದ್ದಿ. ಲೋಕ ಅಷ್ಟೊಂದು ಸುಧಾರಿಸಿದೆಯೆಂದು ನನಗೆ ಗೊತ್ತಿರಲಿಲ್ಲ. ಇನ್ನೊಂದು ವಿಚಿತ್ರ: ನಿನ್ನ ಕೈಯಲ್ಲಿ ಅವನು ಒಂದು ತಪ್ಪನ್ನೂ ಹುಡುಕುತ್ತಿಲ್ಲ. ರಜೆಗೆ ಬಂದಾಗ ಬೆರಳು ಹೀಗಲ್ಲ ಹಾಗೆ ಎಂದು ಊಟದ ತಟ್ಟೆ ಪಕ್ಕಕ್ಕಿಟ್ಟು ನಿನ್ನೊಡನೆ ಜಗಳವಾಡುತ್ತಿದ್ದವನು ಈಗ ವಾರ್ತೆ ಮುಗಿದೊಡನೆ ಕಿವಿ ಹಿಡಿದು ಹೆಬ್ಬೆರಳು ಎತ್ತುತ್ತಾನೆ. ಅಷ್ಟೇ. ವಯಸ್ಸು ಮನುಷ್ಯನನ್ನು ಮೆತ್ತಗಾಗಿಸುತ್ತದೆ ಎಂದುಕೊಂಡೆ.

ಕಳೆದ ವಾರ ಚಿಕ್ಕಪ್ಪ ಏನೋ ತಿರುಪಿ, ಏನೋ ಬೈದು, ಅಂತೂ ಸದ್ದು ತರಿಸಿದ. ಇಡೀ ಕೇರಿ ಚಪ್ಪಾಳೆ ತಟ್ಟಿತು. ವಾರ್ತೆಯವನು, ಇನ್ನೂ ಹಲವು ದಿನ ಒಣಹವೆ ಎಂದು ಓದಿದ. ಅದೇ ಹೊತ್ತಿಗೆ ಅಪ್ಪ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ ಬೆರಳುಗಳನ್ನು ಇಳಿಸಿ ಇಳಿಸಿ ತೋರಿಸಿದ: ಮಳೆ, ದೊಡ್ಡ ಮಳೆ. ನಾನು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಆದರೆ ಇಸ್ತ್ರಿಯವಳಿಗೆ ಈಗ ಮಳೆಯ ಸನ್ನೆ ಗೊತ್ತು. "ಅಯ್ಯೋ, ಟಿವಿ ಒಂದು ಹೇಳುತ್ತೆ, ನಿಮ್ಮ ಹುಡುಗಿ ಇನ್ನೊಂದು ಹೇಳ್ತಾಳೆ! ನನ್ನ ಒಂದು ದಿನದ ಕೆಲಸ ಹಾಳು ಮಾಡಿದ್ದು ಇವಳೇನಾ?" ಎಂದು ನಕ್ಕಳು, ಎಲ್ಲರೂ ನಕ್ಕರು. ಅಮ್ಮನ ಮುಖ ನೋಡಬೇಕಿತ್ತು. "ನನ್ನ ಮಗಳು ಸರಿಯಾಗೇ ಹೇಳ್ತಾಳೆ. ಆ ಟೈ ಕಟ್ಟಿದವನೇ ತಪ್ಪು ಓದಿರಬೇಕು" ಎಂದಳು. ಅಂದಿನಿಂದ ಇಸ್ತ್ರಿಯವಳಿಗೂ ಅಮ್ಮನಿಗೂ ಮಾತಿಲ್ಲ. ಸದ್ದು ಬಂದಮೇಲೆ ಅಪ್ಪನ ಕಡೆಗೂ ಯಾರೂ ತಿರುಗುವುದಿಲ್ಲ. ಅವನು ಕೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಕೂರುತ್ತಾನೆ, ಕೆಲಸ ಮುಗಿದ ಸಾಮಾನು ಒರೆಸಿಟ್ಟ ಹಾಗೆ.

ಆದ್ದರಿಂದ ನಿನ್ನನ್ನು ಕೇಳಬೇಕೆನಿಸಿತು, ಬೇಸರ ಮಾಡಿಕೊಳ್ಳಬೇಡ. ಮಣಿಕಟ್ಟು ನೋಯುವಾಗ ಬೆರಳು ತಪ್ಪುತ್ತದೆಯೇ? ಹಾಗಿದ್ದರೆ ಮೇಲಿನವರಿಗೆ ಹೇಳಿ ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೋ. ಮಳೆ ಬಾರದಿದ್ದರೂ ನಡೆಯುತ್ತದೆ, ನಿನ್ನ ಕೈ ಮುಖ್ಯ. ಉಳಿದ ಮನೆಗಳಿಗೂ ಈ ತಿಂಗಳು ವೈರು ಹೋಗುತ್ತದೆ. ಆಮೇಲೆ ಗುಡ್ಡದ ಈಚೆ ಪ್ರತಿ ಮನೆಯ ಮೂಲೆಯಲ್ಲೂ ನೀನಿರುತ್ತೀಯ. ನಮ್ಮೊಬ್ಬರಿಗೇ ಸೇರಿದವಳಾಗಿ ಉಳಿಯುವುದು ಇನ್ನು ಕೆಲವೇ ದಿನ ಎಂದು ನನಗೆ ಒಂದು ಬಗೆಯ ಅಸೂಯೆಯೂ ಇದೆ.

ಅಮ್ಮನ ಮುತ್ತು, ಚಿಕ್ಕಪ್ಪನ ಕೂಗು (ಅದು ಪತ್ರವಿಲ್ಲದೆಯೂ ನಿನಗೆ ತಲುಪಿರಬಹುದು), ಅಪ್ಪನ ಎತ್ತಿದ ಹೆಬ್ಬೆರಳು, ಎಲ್ಲವನ್ನೂ ಇದರೊಳಗೆ ಮಡಚಿ ಇಟ್ಟಿದ್ದೇನೆ. ನೂರು ಕಾಲ ಸುಖವಾಗಿರು.

ನಿನ್ನ
ಅಣ್ಣ

ತಾ. ಕ.: ಪತ್ರ ಅಂಟಿಸುವ ಮೊದಲು ಸಂಜೆಯ ವಾರ್ತೆ ನೋಡಲು ಮನೆಗೆ ಬಂದೆ. ಇವತ್ತು ನೀನಿರಲಿಲ್ಲ, ದಪ್ಪ ಮೀಸೆಯ ಗಂಡಸೊಬ್ಬ ನಿಂತಿದ್ದ. (ನೋವು ಹೆಚ್ಚಾಗಿದೆಯೇ?) ಮುಗಿದ ಮೇಲೆ ಅಪ್ಪ ನನ್ನ ಕಡೆ ತಿರುಗಿ, ಕಿವಿ ಹಿಡಿದು, ಹೆಬ್ಬೆರಳು ಎತ್ತಿದ. ಮಗಳು ಇವತ್ತು ತುಂಬ ಚೆನ್ನಾಗಿ ಹೇಳಿದಳಂತೆ. ನಾನು ಟಿವಿಯ ಪಕ್ಕದಲ್ಲಿ ನಿಂತು ಬೆರಳು ತೋರಿಸಿದೆ, ಎಷ್ಟು ಎಂದು ಅವನಿಗೆ ತಿಳಿಯಲಿಲ್ಲ. ಒಂದೊಂದೇ ಹೆಜ್ಜೆ ಹತ್ತಿರ ಬಂದೆ. ಮುಖದಿಂದ ಒಂದು ಮೊಳದೊಳಗೆ ಬಂದಾಗ ಕಂಡಿತು. ತಕ್ಷಣ ನನ್ನ ಬೆರಳುಗಳನ್ನು ಮುಷ್ಟಿಯೊಳಗೆ ಮುಚ್ಚಿ ಹಿಡಿದು, ಅಡುಗೆಮನೆಯ ಕಡೆ ನೋಡಿದ. ಅಮ್ಮನಿಗೆ ಹೇಳಬಾರದಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆವು ನಾವು. ಹವಾಮಾನದವರನ್ನು ದೂರಿದೆವು, ನಿನ್ನ ಮಣಿಕಟ್ಟನ್ನು ದೂರಿದೆವು, ಪಾಪ ನೆಲವನ್ನೂ ದೂರಿದೆವು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವೆಂದರೆ ತಲೆ ಅಲ್ಲಾಡಿಸುತ್ತಾನೆ. ನನ್ನ ಮಾತಿಗೆ ಬಗ್ಗುವವನಲ್ಲ, ನೀನು ಹೇಳಬೇಕು. ಟಿವಿಯ ಮೂಲೆಯಿಂದ ಹೇಳಿದರೆ ಕಾಣುವುದಿಲ್ಲ. ನಿನ್ನ ಕೈಗಳು ಅವನಿಗೆ ಇನ್ನೂ ಕಾಣುವಾಗಲೇ ಬಂದು ಒಂದು ಮೊಳದೊಳಗೆ ನಿಂತು ಹೇಳು. ಈ ವಾರವೇ ಹೊರಡು. ನೀನು ಬಂದಾಗ ಅವನು ಮಲಗಿದ್ದರೆ ಹೇಗೆ ಎಬ್ಬಿಸಬೇಕೆಂದು ನಿನಗೆ ಗೊತ್ತು.